ರಬ್ಬರ್ ಆಕ್ಟೋಪಸ್ ನೋಡಿ ಮಕ್ಕಳು ನಕ್ಕರು. ಈ ಹಳೇ ರಾಕ್ಷಸ ಸಿನಿಮಾಗಳು ಬರೀ ನಗೋದಕ್ಕೇನಾ?

ಹಳೇರೀಲು
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಅಕ್ಕನ ಮಕ್ಕಳಿಬ್ಬರು ಮನೆಗೆ ಬಂದಿದ್ದಾರೆ. ಹುಡುಗನಿಗೆ ಹದಿಮೂರು, ಹುಡುಗಿಗೆ ಹತ್ತು. ಶನಿವಾರ ಸಂಜೆಯಿಂದ ಮಳೆ ಹಿಡಿದಿತ್ತು, ಹೊರಗೆ ಹೋಗೋ ಹಾಗಿರಲಿಲ್ಲ. 'ಬ್ರೈಡ್ ಆಫ್ ದಿ ಮಾನ್‌ಸ್ಟರ್' ಹಾಕಿದೆ. 1955ರದ್ದು, ಎಡ್ ವುಡ್ ನಿರ್ದೇಶನ, ಕಪ್ಪು ಬಿಳುಪು. ಜೌಗು ಕಾಡಲ್ಲಿ ಒಂದು ಪಾಳು ಮನೆ, ಒಳಗೆ ಪ್ರಯೋಗಶಾಲೆ, ಅಣುಶಕ್ತಿಯಿಂದ ಅತಿಮಾನವರನ್ನ ತಯಾರಿಸೋಕೆ ಹೊರಟ ಮುದಿ ವಿಜ್ಞಾನಿ ಡಾ. ವೊರ್ನಾಫ್, ಅವನ ಮೂಗ ಸೇವಕ ಲೋಬೊ, ನೀರೊಳಗೆ ದೈತ್ಯ ಆಕ್ಟೋಪಸ್. ಲಾಕ್ ನೆಸ್ ಸರೋವರದ ದಂತಕಥೆಯ ಪ್ರಾಣಿಯ ಮಾತೂ ನಡುವೆ ಬರುತ್ತೆ.

ಆಕ್ಟೋಪಸ್ ಬಂತು ನೋಡಿ. ಅದರ ಕೈಗಳು ಅಲುಗಾಡೋದೇ ಇಲ್ಲ. ಬಾಯಿಗೆ ಸಿಕ್ಕಿಬಿದ್ದವನೇ ಆ ಕೈಗಳನ್ನ ಎತ್ತಿ ತನ್ನ ಮೈಗೆ ಸುತ್ತಿಕೊಂಡು ಒದ್ದಾಡಬೇಕು. ಮಕ್ಕಳು ಹೊಟ್ಟೆ ಹಿಡಕೊಂಡು ನಕ್ಕರು, ನಾನೂ ನಕ್ಕೆ. ಆದರೆ ಇನ್ನೊಂದು ದೃಶ್ಯ ಇದೆ. ವಿಜ್ಞಾನಿಯ ಹುಟ್ಟೂರಿನಿಂದ ಒಬ್ಬ ಬಂದು 'ವಾಪಸ್ ಬಾ' ಅಂತ ಕರೀತಾನೆ. ಮುದುಕ, ನನಗೆ ಮನೆ ಅನ್ನೋದೇ ಇಲ್ಲ ಅಂತ ಮಾತು ತೆಗೀತಾನೆ. ಬೇಟೆಯಾಡಿ ಓಡಿಸಿದರು, ಮೃಗದ ಹಾಗೆ ಬದುಕಿದೆ ಅಂತಾನೆ. ಹುಡುಗಿಯ ನಗು ನಿಂತೇ ಹೋಯ್ತು. "ಮಾಮ, ಆ ತಾತ ನಿಜವಾಗ್ಲೂ ಅಳ್ತಿದಾರಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೀಲಿಲ್ಲ.

ಈ ಕಾಸಿಲ್ಲದ ಹಳೇ ರಾಕ್ಷಸ ಸಿನಿಮಾಗಳನ್ನ ಗೇಲಿ ಮಾಡೋದಕ್ಕೆ ಮಾತ್ರ ನೋಡಬೇಕಾ? ಇನ್ನೊಂದು, ಮಕ್ಕಳು ಇನ್ನೂ ಒಂದು ವಾರ ಇರ್ತಾರೆ. ಹುಚ್ಚು ವಿಜ್ಞಾನಿ, ದಂತಕಥೆಯ ಪ್ರಾಣಿ ಇರೋ, ಒಂದೂವರೆ ಗಂಟೆ ಮೀರದ ಸಿನಿಮಾ ಯಾವ್ಯಾವುದಿದೆ ಹೇಳಿ.

ಚಿಕ್ಪೇಟೆ ಚಂದ್ರ
ನಗು ಬಂದ್ರೆ ನಗಬೇಕು ಗುರು. ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋತೀರ?

ಬೆಳ್ಳಿಪರದೆ
ಚಂದ್ರ ಅವರೇ, ನಗಬೇಡಿ ಅಂತ ಯಾರೂ ಹೇಳ್ತಿಲ್ಲ. ಆ ಹುಡುಗಿ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ.

ಆ ಪಾತ್ರ ಮಾಡಿದವರು ಬೇಲಾ ಲುಗೋಸಿ. ಹಂಗೇರಿಯವರು. ಅಲ್ಲಿ ನಟರ ಸಂಘ ಕಟ್ಟಿದ್ದರು. 1919ರಲ್ಲಿ ಕ್ರಾಂತಿ ಸರ್ಕಾರ ಬಿದ್ದಾಗ ದೇಶ ಬಿಟ್ಟು ಓಡಬೇಕಾಯ್ತು. 1931ರಲ್ಲಿ 'ಡ್ರಾಕುಲಾ' ಆಗಿ ಜಗತ್ತಿಗೆಲ್ಲ ಗೊತ್ತಾದರು. ಆಮೇಲೆ ಬೇರೆ ಥರದ ಪಾತ್ರ ಕೊಡೋರೇ ಇಲ್ಲದ ಹಾಗಾಯ್ತು. 1940ರ ದಶಕದಲ್ಲಿ ಮಾನೊಗ್ರಾಮ್, ಪಿಆರ್‌ಸಿ ಅಂತ ಬಡ ಸ್ಟುಡಿಯೋಗಳಲ್ಲಿ ಒಂದರ ಹಿಂದೆ ಒಂದು ಹುಚ್ಚು ವಿಜ್ಞಾನಿ ಪಾತ್ರ. 'ದಿ ಡೆವಿಲ್ ಬ್ಯಾಟ್' (1940) ನೋಡಿ. ಗಡ್ಡ ಬೋಳಿಸಿದ ಮೇಲೆ ಹಚ್ಚೋ ಲೋಷನ್ನಿನ ವಾಸನೆ ಹಿಡಿದು ದೈತ್ಯ ಬಾವಲಿ ಬಂದು ಕೊಲ್ಲುತ್ತೆ. ಅಂಥ ಕಥೆಯಲ್ಲೂ ಆ ಮನುಷ್ಯ ಒಂದೇ ಒಂದು ಮಾತನ್ನ ಉಡಾಫೆಯಿಂದ ಹೇಳಿಲ್ಲ.

ನೀವು ನೋಡಿದ ಸಿನಿಮಾದ ಚಿತ್ರೀಕರಣ 1954ರ ಕೊನೆಗೆ ಶುರುವಾಯ್ತು. 1955ರ ಏಪ್ರಿಲ್‌ನಲ್ಲಿ ಲುಗೋಸಿ ತಾವಾಗೇ ಹೋಗಿ ಸರ್ಕಾರಿ ಆಸ್ಪತ್ರೆಗೆ ಸೇರಿ ಮಾರ್ಫೀನ್ ಚಟಕ್ಕೆ ಚಿಕಿತ್ಸೆ ತಗೊಂಡರು. 1956ರ ಆಗಸ್ಟ್‌ನಲ್ಲಿ ತೀರಿಕೊಂಡರು, 73 ವರ್ಷ. ಅವರು ಬಾಯ್ತುಂಬ ಮಾತಾಡಿದ ಕೊನೆಯ ಮುಖ್ಯ ಪಾತ್ರ ಇದೇ. ಊರಿಲ್ಲದ ಮನುಷ್ಯ ಊರಿಲ್ಲದವನ ಪಾತ್ರ ಮಾಡ್ತಿದ್ದಾರೆ. ನಿಮ್ಮ ಅಕ್ಕನ ಮಗಳಿಗೆ ಹೌದು ಅಂತಲೇ ಹೇಳಿ.

ಕಡಲಾಚೆ
ಆಕ್ಟೋಪಸ್ ಬಗ್ಗೆ ಒಂದು ಮಾತು. ಅದು ಈ ಸಿನಿಮಾಕ್ಕೆ ಅಂತ ಮಾಡಿದ್ದಲ್ಲ. ಜಾನ್ ವೇನ್ ನಟಿಸಿದ 'ವೇಕ್ ಆಫ್ ದಿ ರೆಡ್ ವಿಚ್' (1948) ಚಿತ್ರಕ್ಕೆ ಬಳಸಿದ್ದನ್ನ ತಂದಿದ್ದು. ಅಲ್ಲಿ ಒಳಗೊಂದು ಮೋಟಾರ್ ಇತ್ತು, ಕೈಗಳು ಆಡ್ತಿದ್ದವು. ಇಲ್ಲಿಗೆ ಮೋಟಾರ್ ಬರಲಿಲ್ಲ. ದುಡ್ಡು ಹಾಕಿದವರು ಮಾಂಸದ ವ್ಯಾಪಾರಿ, ಅವರ ಮಗನೇ ಹೀರೋ.

ಗಾಡ್ಜಿಲ್ಲಾಭಕ್ತ
ಕ್ಷಮಿಸಿ, ನಾನು ಒಪ್ಪಲ್ಲ. ಬಡತನ ಅನ್ನೋದು ಅರ್ಹತೆ ಆಗಲ್ಲ. ನಟನ ಬದುಕು ಕಷ್ಟದಲ್ಲಿತ್ತು ಅಂದ್ರೆ ಸಿನಿಮಾ ಒಳ್ಳೇದಾಗಿಬಿಡುತ್ತಾ? 1954ರಲ್ಲೇ ಜಪಾನಿನವರು ಒಂದು ರಬ್ಬರ್ ಸೂಟ್ ಇಟ್ಕೊಂಡು 'ಗಾಡ್ಜಿಲ್ಲಾ' ಮಾಡಿದರು. ಯಾರೂ ನಗಲ್ಲ. ಅದೇ ಸಾಮಾನು, ಅದೇ ಕಾಲ. ಒಬ್ಬರಿಗೆ ಕೆಲಸ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಬೆಳ್ಳಿಪರದೆ
ಅದೇ ಸಾಮಾನು ಅಂದ್ರಲ್ಲ, ಅಲ್ಲೇ ತಪ್ಪಿದಿರಿ. 'ಗಾಡ್ಜಿಲ್ಲಾ' ಆ ಕಾಲಕ್ಕೆ ಜಪಾನಿನ ಅತಿ ದುಬಾರಿ ಚಿತ್ರಗಳಲ್ಲಿ ಒಂದು. ಟ್ರಿಕ್ ದೃಶ್ಯಗಳ ಹೊಣೆ ಹೊತ್ತ ತ್ಸುಬುರಾಯಾ ಅವರ ಕೈಕೆಳಗೆ ದೊಡ್ಡ ತಂಡವೇ ಇತ್ತು, ಇಡೀ ಟೋಕಿಯೋ ಬೀದಿಗಳನ್ನ ಚಿಕ್ಕದಾಗಿ ಕಟ್ಟಿ ತುಳಿಸಿದರು. ಮೊದಲ ಸೂಟ್ ಸುಮಾರು 100 ಕೆಜಿ ಇತ್ತು, ಅದನ್ನ ಹೊತ್ತು ಹರುವೋ ನಕಾಜಿಮಾ ನಡೆಯೋಕೇ ಒದ್ದಾಡಿದರು. ಎಡ್ ವುಡ್‌ಗೆ ಒಂದು ಮೋಟಾರ್ ಸಿಗಲಿಲ್ಲ. ಎರಡನ್ನ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ.

ಗಾಡ್ಜಿಲ್ಲಾಭಕ್ತ
ದುಡ್ಡಿನ ವಿಷಯ ಒಪ್ಪಿದೆ. ಆದರೆ ವಿಜ್ಞಾನಿಯನ್ನ ನೋಡಿ. ಅಲ್ಲಿ ಡಾ. ಸೆರಿಜಾವಾ ತನ್ನ ಆಯುಧದ ಗುಟ್ಟು ಯಾರ ಕೈಗೂ ಸಿಗಬಾರದು ಅಂತ ತಾನೇ ಸಾಯ್ತಾನೆ. ಆ ವರ್ಷ ಮಾರ್ಚ್ 1ಕ್ಕೆ ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿ, ಮೀನು ಹಿಡಿಯೋಕೆ ಹೋದ ಜಪಾನಿನ ದೋಣಿ ಮೇಲೆ ವಿಕಿರಣದ ಬೂದಿ ಸುರಿದಿತ್ತು. ಸಿನಿಮಾ ಆ ನೋವಿನಿಂದ ಹುಟ್ಟಿದ್ದು. ಅಮೆರಿಕದ ಅಗ್ಗದ ಚಿತ್ರಗಳಲ್ಲಿ ಅಣುಶಕ್ತಿ ಅಂದ್ರೆ ಮಿಡತೆ ದೊಡ್ಡದು ಮಾಡೋ ಗೊಬ್ಬರ!

ಜೀವಶಾಸ್ತ್ರ ಮೇಷ್ಟ್ರು
ಮಿಡತೆ ಅಂದಿರಿ, ನಾನು ಬರಲೇಬೇಕಾಯ್ತು.

'ಬಿಗಿನಿಂಗ್ ಆಫ್ ದಿ ಎಂಡ್' (1957), ಬರ್ಟ್ ಐ. ಗಾರ್ಡನ್ ಅವರದ್ದು. ವಿಕಿರಣ ಹಾಯಿಸಿ ಬೆಳೆಸಿದ ತರಕಾರಿ ತಿಂದ ಮಿಡತೆಗಳು ಬಸ್ಸಿನಷ್ಟು ದೊಡ್ಡವಾಗಿ ಶಿಕಾಗೋ ಊರಿಗೆ ನುಗ್ತವೆ. ನಿಜವಾದ ಮಿಡತೆಗಳನ್ನ ಕಟ್ಟಡದ ಫೋಟೋ ಮೇಲೆ ಬಿಟ್ಟು ಚಿತ್ರೀಕರಿಸಿದ್ದು. ಒಂದು ಕಡೆ ಮಿಡತೆ ಕಟ್ಟಡ ದಾಟಿ ಆಕಾಶದ ಮೇಲೆ ಕಾಲಿಡುತ್ತೆ, ಕಣ್ಣಿಟ್ಟು ನೋಡಿದರೆ ಕಾಣುತ್ತೆ. ಟೆಕ್ಸಾಸಿನಿಂದ ಇನ್ನೂರರಷ್ಟು ಮಿಡತೆ ತರಿಸಿದ್ದರಂತೆ, ಒಂದನ್ನೊಂದು ತಿಂದು ಕೊನೆಗೆ ಡಜನ್ ಉಳಿದವಂತೆ. ಗಾರ್ಡನ್ ಮತ್ತು ಅವರ ಹೆಂಡತಿ ಫ್ಲೋರಾ ಸೇರಿ ಈ ಟ್ರಿಕ್ ಕೆಲಸವನ್ನೆಲ್ಲ ಮಾಡ್ತಿದ್ದರು.

ನಾನು ಇದನ್ನ ಪಿಯುಸಿ ತರಗತಿಯಲ್ಲಿ ಹತ್ತು ನಿಮಿಷ ತೋರಿಸಿ, "ಯಾಕೆ ಆಗಲ್ಲ ಹೇಳಿ" ಅಂತ ಕೇಳ್ತೀನಿ. ಉದ್ದ ಹತ್ತು ಪಟ್ಟಾದರೆ ಕಾಲಿನ ಅಡ್ಡಕೊಯ್ತ ನೂರು ಪಟ್ಟಾಗುತ್ತೆ, ತೂಕ ಸಾವಿರ ಪಟ್ಟಾಗುತ್ತೆ. ಕಾಲು ಮುರಿದು ಕೂರಬೇಕು. ಜೊತೆಗೆ ಕೀಟಕ್ಕೆ ಶ್ವಾಸಕೋಶ ಇಲ್ಲ, ಮೈ ಪಕ್ಕದ ರಂಧ್ರಗಳಿಂದ ಸಣ್ಣ ಕೊಳವೆಯಲ್ಲಿ ಗಾಳಿ ಒಳಗೆ ಹೋಗಬೇಕು, ಅಷ್ಟು ದೊಡ್ಡ ಮೈಗೆ ಅದು ಸಾಲದು. ಜೀವವಿಜ್ಞಾನಿ ಹಾಲ್ಡೇನ್ 1926ರಲ್ಲೇ ಈ ವಿಷಯದ ಮೇಲೆ ಚೆಂದದ ಪ್ರಬಂಧ ಬರೆದಿದ್ದಾರೆ. ಅವರು 1957ರಲ್ಲಿ, ಅಂದರೆ ಈ ಸಿನಿಮಾ ಬಂದ ವರ್ಷವೇ, ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದು ನೆಲೆಸಿದರು. ಭುವನೇಶ್ವರದಲ್ಲಿ ತೀರಿಕೊಂಡರು.

ಇಡೀ ವರ್ಷದಲ್ಲಿ ಆ ಒಂದು ಪಾಠ ಮಾತ್ರ ಮಕ್ಕಳು ಮರೆಯಲ್ಲ.

ಚಿಕ್ಪೇಟೆ ಚಂದ್ರ
ಮೇಷ್ಟ್ರೇ, ನೀವೂ ನಗಿಸೋದಕ್ಕೇ ತೋರಿಸ್ತಿದೀರ ಅಂತಾಯ್ತು.

ಜೀವಶಾಸ್ತ್ರ ಮೇಷ್ಟ್ರು
ಅಲ್ಲಪ್ಪ. ಎಲ್ಲಿ ತಪ್ಪಿದೆ ಅಂತ ಹುಡುಕೋಕೆ ಕುಳಿತವನು ಪರದೆಯಿಂದ ಕಣ್ಣು ತೆಗೆಯಲ್ಲ. ಗೇಲಿ ಮಾಡೋನು ಮೊಬೈಲ್ ನೋಡ್ತಾ ಕೂರ್ತಾನೆ.

ಹಳೇರೀಲು ಅವರಿಗೆ ನನ್ನ ಸಲಹೆ, 'ದಿ ಕಿಲ್ಲರ್ ಶ್ರೂಸ್' (1959). ಮೂಗಿಲಿ ರಾಕ್ಷಸಗಳು. ನಾಯಿಗಳಿಗೆ ಕೂದಲು ಹೊದಿಸಿ ಓಡಿಸಿದ್ದಾರೆ, ಅದು ಗೊತ್ತಾಗುತ್ತೆ. ಆದರೆ ವಿಜ್ಞಾನಿ ದುಷ್ಟ ಅಲ್ಲ. ಜನಸಂಖ್ಯೆ ಹೆಚ್ಚಿ ಅನ್ನ ಸಾಲದಾಗುತ್ತೆ, ಮನುಷ್ಯನ ಗಾತ್ರವನ್ನೇ ಅರ್ಧ ಮಾಡಿದರೆ ಹೇಗೆ ಅಂತ ಪ್ರಯೋಗಕ್ಕೆ ಇಳಿದವನು. ಮೂಗಿಲಿಯ ವಿಷಯವೂ ಅರ್ಧ ನಿಜ. ದಿನಕ್ಕೆ ತನ್ನ ತೂಕದಷ್ಟೇ ತಿನ್ನಬೇಕಾದ ಜಾತಿಗಳಿವೆ, ಕೆಲವಕ್ಕೆ ಜೊಲ್ಲಿನಲ್ಲಿ ವಿಷವೂ ಇದೆ. ಆ ದ್ವೀಪದ ಮನೆಯ ಮಣ್ಣಿನ ಗೋಡೆ ಕೊರೆಯೋ ಸದ್ದು ಕೇಳ್ತಾ ಎಲ್ಲರೂ ಸುಮ್ಮನೆ ಕೂತಿರೋ ದೃಶ್ಯದಲ್ಲಿ ನನ್ನ ತರಗತಿಯಲ್ಲಿ ಯಾರೂ ನಕ್ಕಿಲ್ಲ. ವಿಜ್ಞಾನಿಯ ಪಾತ್ರ ಮಾಡಿದ ಬರೂಖ್ ಲ್ಯೂಮೆಟ್, ನಿರ್ದೇಶಕ ಸಿಡ್ನಿ ಲ್ಯೂಮೆಟ್ ಅವರ ತಂದೆ.

ಧಾರ್ವಾಡದಾಂವ
ಇಷ್ಟೆಲ್ಲಾ ಅಮೇರಿಕಾದ್ದು ಮಾತಾಡಾಕತ್ತೀರಿ, ನಮ್ಮ ವಿಠಲಾಚಾರ್ಯರನ್ನ ಯಾರೂ ನೆನಸವಲ್ರಿ! ಉಡುಪಿ ಕಡಿ ಉದ್ಯಾವರದವ್ರು. ಮೈಸೂರಾಗ ಶಂಕರಸಿಂಗರ ಕೂಡ ಮಹಾತ್ಮ ಪಿಕ್ಚರ್ಸ್ ಕಟ್ಟಿದ್ರು, 'ನಾಗಕನ್ನಿಕಾ', 'ಜಗನ್ಮೋಹಿನಿ' ಮಾಡಿದ್ರು, ಆಮ್ಯಾಲೆ ತೆಲುಗಿಗೆ ಹೋಗಿ ಜಾನಪದ ಬ್ರಹ್ಮ ಅನ್ನಿಸ್ಕೊಂಡ್ರು. ನಮ್ಮ ಊರ ಜಾತ್ರಿ ಟೆಂಟಿನ್ಯಾಗ ನೋಡಿದ್ದು ಇನ್ನೂ ಕಣ್ಣಾಗ ಐತ್ರಿ: ದೆವ್ವದ ಹೆಣ್ಮಗಳು ಒಲಿ ಮುಂದ ಕುಂತು, ಕಟಗಿ ಇಲ್ಲಂತ ತನ್ನ ಕಾಲs ಒಲ್ಯಾಗ ಇಟ್ಟು ಅಡಗಿ ಮಾಡ್ತಾಳ. ನಾ ನಮ್ಮವ್ವನ ಸೆರಗಿನ್ಯಾಗ ಮಾರಿ ಮುಚ್ಕೊಂಡಿದ್ದೆ. ಅದು 'ಜಗನ್ಮೋಹಿನಿ'.

ಬೆಳ್ಳಿಪರದೆ
ಸರ್, ನೀವು ಹೇಳಿದ ಒಲೆ ದೃಶ್ಯ 1978ರ ತೆಲುಗು 'ಜಗನ್ಮೋಹಿನಿ'ಯದ್ದು, ಜಯಮಾಲಿನಿ ದೆವ್ವ ಆಗಿದ್ದು. ಕನ್ನಡದ 'ಜಗನ್ಮೋಹಿನಿ' 1951ರದ್ದು, ಹರಿಣಿ ಇದ್ದದ್ದು, ಶಂಕರಸಿಂಗ್ ನಿರ್ದೇಶನ. ಎರಡೂ ಒಂದೇ ಹೆಸರು ಅಂತ ತುಂಬ ಜನ ಬೆರೆಸ್ತಾರೆ.

ಧಾರ್ವಾಡದಾಂವ
ಖರೇ ಐತ್ರಿ ಅಕ್ಕಾರ, ನಾ ನೋಡಿದ್ದು ತೆಲುಗಿಂದs. ತಿದ್ದಿದ್ದು ಚಲೋ ಆತು. ಆದ್ರ ನನ್ನ ಮಾತು ಬ್ಯಾರೆ. ಒಬ್ಬ ನಟ ಡೇಟ್ ಕೊಡಲಿಲ್ಲಂದ್ರ ಮಂತ್ರವಾದಿ ಕಡಿಂದ ಶಾಪ ಹಾಕ್ಸಿ ಅವನ ಪಾತ್ರನs ಗಿಳಿ ಮಾಡ್ತಿದ್ರು, ಕುರಿ ಮಾಡ್ತಿದ್ರು, ಶೂಟಿಂಗ್ ಮಾತ್ರ ನಿಲ್ಲಿಸ್ತಿದ್ದಿಲ್ಲ ಅಂತ ಹೇಳ್ತಾರ. ರೊಕ್ಕ ಇಲ್ಲದಾಗ ಬುದ್ಧಿ ಓಡ್ತದ ನೋಡ್ರಿ.

ಗಾಡ್ಜಿಲ್ಲಾಭಕ್ತ
ಚೆನ್ನಾಗಿದೆ ಸರ್, ಆದರೆ ವಿಷಯ ತಪ್ತಿದೆ. ಮಂತ್ರವಾದಿ ಬೇರೆ, ಹುಚ್ಚು ವಿಜ್ಞಾನಿ ಬೇರೆ. ಮಂತ್ರವಾದಿಗೆ ಬೇಕಾದ್ದು ರಾಜ್ಯ, ರಾಜಕುಮಾರಿ. ವಿಜ್ಞಾನಿಗೆ ಬೇಕಾದ್ದು ತಾನು ಹೇಳಿದ್ದು ಸರಿ ಅಂತ ಜನ ಒಪ್ಪೋದು.

ಚೌಕಿಮನೆ
ಇದು ಸರಿಯಾದ ಮಾತು ಮಾರಾಯ್ರೆ. ಆ ವಿಜ್ಞಾನಿಗಳಿಗೆಲ್ಲ ಇರುವುದು ಅವಮಾನದ ಗಾಯ. ಸಭೆಯಲ್ಲಿ ನಗಾಡಿದ್ರು, ಕೆಲಸದಿಂದ ತೆಗೆದ್ರು, ಈಗ ತೋರಿಸ್ತೇನೆ ಅಂತ. ಮಂತ್ರವಾದಿಗೆ ಆ ಗಾಯ ಇಲ್ಲ.

ಧಾರ್ವಾಡದಾಂವ
ಹಂಗಾದ್ರ ಹಿಂದಿ 'ಶಿಕಾರಿ' (1963) ನೋಡ್ರಿ. ಕೆ.ಎನ್. ಸಿಂಗ್ ಹುಚ್ಚ ವಿಜ್ಞಾನಿ, ದೈತ್ಯ ಗೊರಿಲ್ಲಾ, ಅಜಿತ್, ಹೆಲೆನ್, ಮ್ಯಾಲೆ ಜಿ.ಎಸ್. ಕೊಹ್ಲಿ ಹಾಡು. ಎಲ್ಲಾ ಒಂದರಾಗ.

ಕಡಲಾಚೆ
ಗೊರಿಲ್ಲಾ ಅಂದಿರಿ, ಅದೇ ಒಂದು ಕಸುಬು ಆಗಿತ್ತು ಗೊತ್ತಾ? ಹಾಲಿವುಡ್‌ನಲ್ಲಿ ಸ್ವಂತ ಗೊರಿಲ್ಲಾ ಸೂಟ್ ಇಟ್ಟುಕೊಂಡ ಕೆಲವೇ ಜನ ಇದ್ದರು. ಮನುಷ್ಯ, ಸೂಟ್ ಎರಡನ್ನೂ ಸೇರಿಸೇ ಬಾಡಿಗೆಗೆ ಕರೀತಿದ್ದರು. ಫಿಲಿಪ್ಪೀನ್ಸ್‌ನಿಂದ ಬಂದ ಚಾರ್ಲ್ಸ್ ಜೆಮೋರಾ ಒಬ್ಬರು, ಜಾರ್ಜ್ ಬ್ಯಾರೋಸ್ ಇನ್ನೊಬ್ಬರು. 'ರೋಬೋಟ್ ಮಾನ್‌ಸ್ಟರ್' (1953) ಮಾಡುವಾಗ ಫಿಲ್ ಟಕರ್ ಹತ್ತಿರ ರೋಬೋಟ್ ಸೂಟ್ ಮಾಡಿಸೋ ದುಡ್ಡಿರಲಿಲ್ಲ. ಗೆಳೆಯ ಬ್ಯಾರೋಸ್ ತಮ್ಮ ಗೊರಿಲ್ಲಾ ಸೂಟ್ ಹಾಕ್ಕೊಂಡು ಬಂದರು, ತಲೆಗೊಂದು ಶಿರಸ್ತ್ರಾಣ ಇಟ್ಟರು, ಚಂದ್ರಲೋಕದಿಂದ ಬಂದ ರೋ-ಮ್ಯಾನ್ ರೆಡಿ. ನಾಲ್ಕು ದಿನದಲ್ಲಿ ಚಿತ್ರೀಕರಣ ಮುಗೀತು, ಅದೂ 3ಡಿಯಲ್ಲಿ. ಸಂಗೀತ ಎಲ್ಮರ್ ಬರ್ನ್‌ಸ್ಟೀನ್ ಅವರದ್ದು, ಮುಂದೆ ಆಸ್ಕರ್ ಗೆದ್ದವರು.

ಆ ಸಿನಿಮಾದಲ್ಲಿ ರೋ-ಮ್ಯಾನ್ ಇರೋ ಗುಹೆಯ ಜಾಗಕ್ಕೆ ಹೋಗಿದ್ದೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಬ್ರಾನ್ಸನ್ ಕ್ಯಾನ್ಯನ್ ಅಂತ. ಗುಹೆ ಅಂತಾರೆ, ನಿಜಕ್ಕೂ ಹಳೇ ಕಲ್ಲುಕ್ವಾರಿಯಲ್ಲಿ ಕೊರೆದ ಗಿಡ್ಡ ಸುರಂಗ. ಈ ಕಡೆಯಿಂದ ಒಳಗೆ ಹೋಗಿ ಆ ಕಡೆ ಬರೋಕೆ ಒಂದು ನಿಮಿಷ ಸಾಕು. ಜುಲೈ ತಿಂಗಳು, ಕೆಂಪು ಧೂಳು, ಬಂಡೆ ಮುಟ್ಟಿದರೆ ಕೈ ಸುಡ್ತಿತ್ತು. ತೆಳು ಕಾಟನ್ ಅಂಗಿಯಲ್ಲೇ ನನಗೆ ತಡೆಯೋಕಾಗಲಿಲ್ಲ. ಅಲ್ಲಿ ಮೈತುಂಬ ಕೂದಲಿನ ಸೂಟ್ ಹಾಕಿ, ತಲೆ ಮುಚ್ಚಿಕೊಂಡು ಆ ಮನುಷ್ಯ ಗುಡ್ಡ ಹತ್ತಿ ಇಳಿದಿದ್ದಾರೆ. ಅವತ್ತು ಮನೆಗೆ ಬಂದು ಮತ್ತೆ ಸಿನಿಮಾ ನೋಡಿದೆ. ನಗು ಬರಲಿಲ್ಲ.

ಚೌಕಿಮನೆ
ಕಡಲಾಚೆ ಅಕ್ಕ ಹೇಳಿದ್ದು ಓದಿ ನನಗೆ ನಮ್ಮ ಯಕ್ಷಗಾನದ ಬಣ್ಣದ ವೇಷ, ಅಂದ್ರೆ ರಾಕ್ಷಸ ವೇಷ, ನೆನಪಾಯಿತು. ನಮ್ಮ ದೊಡ್ಡಪ್ಪ ಮೇಳದಲ್ಲಿ ಬಣ್ಣದ ವೇಷ ಮಾಡ್ತಿದ್ದವರು. ಸಣ್ಣವನಿರುವಾಗ ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಹತ್ತಿರ ಕೂತು ನೋಡಿದ್ದೇನೆ. ಅಕ್ಕಿಹಿಟ್ಟು, ಸುಣ್ಣ ಕಲಸಿಕೊಂಡು, ಕಡ್ಡಿಯಲ್ಲಿ ಅದ್ದಿ ಅದ್ದಿ ಮುಖದ ಮೇಲೆ ಚಿಟ್ಟಿ ಇಡುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಮುಳ್ಳಿನ ಹಾಗೆ ಏಳಬೇಕು. ಗಂಟೆಗಟ್ಟಲೆ ಕೆಲಸ, ಕನ್ನಡಿ ಎದುರು ಕೂತು ಅವರೇ ಮಾಡಿಕೊಳ್ಳಬೇಕು. ಒಂದು ಸಲ ಬಣ್ಣಕ್ಕೆ ಕೂತರೆ ಮಾತಿಲ್ಲ, ನಗು ಇಲ್ಲ, ಮುಖ ಸಡಿಲಾದರೆ ಚಿಟ್ಟಿ ಉದುರ್ತದೆ. ಮತ್ತೆ ರಾತ್ರಿ ಜನರ ನಡುವಿನಿಂದ ಪಂಜು ಹಿಡಿದು, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸಿಕೊಂಡು ಬೊಬ್ಬೆ ಹೊಡೆಯುತ್ತಾ ಬಂದರೆ ನಮ್ಮ ದೊಡ್ಡಪ್ಪ ಅಂತ ಗೊತ್ತಿದ್ದೂ ನಾನು ಓಡ್ತಿದ್ದೆ.

ರಾಕ್ಷಸನನ್ನು ತಾನೇ ತಯಾರು ಮಾಡಿ ತಾನೇ ಒಳಗೆ ಹೊಕ್ಕು ಆಡುವವರು ಆ ಅಮೆರಿಕದಲ್ಲಿ ಯಾರಾದರೂ ಇದ್ದರಾ?

ಬೆಳ್ಳಿಪರದೆ
ಇದ್ದರು! ಪಾಲ್ ಬ್ಲೈಸ್‌ಡೆಲ್. ನಾನು ಈ ಹೆಸರು ಯಾರು ಎತ್ತುತ್ತಾರೆ ಅಂತಲೇ ಕಾಯ್ತಿದ್ದೆ.

ಚಿತ್ರಕಾರ, 1927ರಲ್ಲಿ ಹುಟ್ಟಿದವರು, ಅಷ್ಟೇನೂ ಎತ್ತರದ ಆಳಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಟಿವಿ ಬಂದು ಚಿತ್ರಮಂದಿರಕ್ಕೆ ಜನ ಕಡಿಮೆಯಾದರು, ಹದಿಹರೆಯದವರು ಮಾತ್ರ ಕಾರಲ್ಲಿ ಕೂತು ನೋಡೋ ಬಯಲು ಥಿಯೇಟರುಗಳಿಗೆ ಬರ್ತಿದ್ದರು. ಅವರಿಗಾಗಿ ನಿಕೋಲ್ಸನ್, ಆರ್ಕಾಫ್ ಅನ್ನೋ ಇಬ್ಬರು ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ (ಎಐಪಿ) ಕಂಪನಿ ನಡೆಸಿದರು. ಮೊದಲು ಹೆಸರು, ಆಮೇಲೆ ಪೋಸ್ಟರ್, ಆಮೇಲೆ ಕಥೆ. ಪೋಸ್ಟರಿನಲ್ಲಿ ಬರೆದ ರಾಕ್ಷಸನನ್ನ ಎಲ್ಲಿಂದಲಾದರೂ ತರಬೇಕಲ್ಲ, ಆ ಕೆಲಸ ಬ್ಲೈಸ್‌ಡೆಲ್‌ಗೆ. ಸ್ಟುಡಿಯೋ ಅಂತ ಇಲ್ಲ. ಟೊಪಾಂಗಾ ಕಣಿವೆಯ ಮನೆಯಲ್ಲಿ ಗಂಡ ಹೆಂಡತಿ, ಪಾಲ್ ಮತ್ತು ಜಾಕಿ, ಫೋಮ್ ರಬ್ಬರನ್ನ ಕತ್ತರಿಯಲ್ಲಿ ಕತ್ತರಿಸಿ ಉದ್ದ ಒಳಉಡುಪಿನ ಮೇಲೆ ತುಂಡು ತುಂಡಾಗಿ ಅಂಟಿಸ್ತಿದ್ದರು. 'ಡೇ ದಿ ವರ್ಲ್ಡ್ ಎಂಡೆಡ್' (1955) ಚಿತ್ರದ ಮೂರು ಕಣ್ಣಿನ ರಾಕ್ಷಸ ಹಾಗೆ ಹುಟ್ಟಿದ್ದು. ಒಳಗಿದ್ದವರೂ ಅವರೇ. ಕೊನೆಗೆ ಅದು ಮಳೆಯಲ್ಲಿ ಸಾಯಬೇಕು. ಮೈತುಂಬ ಫೋಮ್ ತೊಟ್ಟು ಸುರಿಯೋ ನೀರಿನಲ್ಲಿ ನಿಂತವರ ಪಾಡು ಯೋಚಿಸಿ.

'ದಿ ಶೀ-ಕ್ರೀಚರ್' (1956) ಅವರ ಅತಿ ಚೆಂದದ ಕೆಲಸ ಅಂತ ನನ್ನ ಅಭಿಪ್ರಾಯ. ಸಮ್ಮೋಹನಗಾರನೊಬ್ಬ ಹುಡುಗಿಯನ್ನ ಹಿಂದಿನ ಜನ್ಮಗಳಿಗೆ ಕಳಿಸ್ತಾ ಕಳಿಸ್ತಾ ಆದಿಕಾಲದ ಸಮುದ್ರಜೀವಿಯನ್ನೇ ದಡಕ್ಕೆ ಕರೀತಾನೆ. ಆ ವರ್ಷ ಅಮೆರಿಕದಲ್ಲಿ ಪೂರ್ವಜನ್ಮದ ನೆನಪಿನ ಹುಚ್ಚು ಹರಡಿತ್ತು, ಬ್ರೈಡಿ ಮರ್ಫಿ ಪ್ರಕರಣ ಅಂತ. ಹಳೇರೀಲು ಅವರೇ, ನಿಮ್ಮ ಮುಂದಿನ ಸಿನಿಮಾ ಇದು.

ಗಾಡ್ಜಿಲ್ಲಾಭಕ್ತ
ಶೀ-ಕ್ರೀಚರ್ ಸೂಟ್ ಚೆನ್ನಾಗಿದೆ, ಅದು ನಿಜ. ಆದರೆ ಅದೇ ಬ್ಲೈಸ್‌ಡೆಲ್ 'ಇಟ್ ಕಾಂಕರ್ಡ್ ದಿ ವರ್ಲ್ಡ್' (1956) ಚಿತ್ರಕ್ಕೆ ಮಾಡಿದ್ದು? ಬಾಯಿ ಬಿಟ್ಕೊಂಡಿರೋ ಕುಂಬಳಕಾಯಿ ಹಾಗಿದೆ.

ಬೆಳ್ಳಿಪರದೆ
ಅದಕ್ಕೂ ಕಾರಣ ಇತ್ತು. ಶುಕ್ರಗ್ರಹದ ಜೀವಿ, ಅಲ್ಲಿ ಗುರುತ್ವಾಕರ್ಷಣೆ ಜಾಸ್ತಿ, ಹಾಗಾಗಿ ನೆಲಕ್ಕೆ ಅಂಟಿದ ಹಾಗೆ ಗಿಡ್ಡಗೆ, ಅಗಲಕ್ಕೆ ಇರಬೇಕು ಅಂತ ಲೆಕ್ಕ ಹಾಕಿದ್ದು. ನಿರ್ದೇಶಕ ರೋಜರ್ ಕೊರ್ಮನ್ ಎಂಜಿನಿಯರಿಂಗ್ ಓದಿದವರು. ಸೆಟ್‌ನಲ್ಲಿ ನಾಯಕಿ ಬೆವರ್ಲಿ ಗಾರ್ಲೆಂಡ್ ಅದರ ಎದುರು ನಿಂತು, ನೀನಾ ಜಗತ್ತು ಗೆಲ್ಲೋನು ಅಂತ ಹಂಗಿಸಿ ಒದ್ದರಂತೆ. ಆಮೇಲೆ ಎತ್ತರ ಮಾಡಿದರಂತೆ. ಗುಹೆಯ ಕತ್ತಲಲ್ಲಿ ಮಾತ್ರ ಕಾಣಬೇಕು ಅಂತ ಕಟ್ಟಿದ್ದನ್ನ ಬಿಸಿಲಿಗೆ ಎಳೆದರು. ಒಳಗೆ ಕೂತು ತಳ್ಳಿದ್ದು ಮತ್ತೆ ಬ್ಲೈಸ್‌ಡೆಲ್ ಅವರೇ. ಕೊನೆಗೆ ಅದರ ಕಣ್ಣಿಗೆ ಬೆಂಕಿ ಇಡೋ ವಿಜ್ಞಾನಿ ಯಾರು ಗೊತ್ತಾ? ಲೀ ವಾನ್ ಕ್ಲೀಫ್. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯ ಕೆಟ್ಟವನು.

ಜೀವಶಾಸ್ತ್ರ ಮೇಷ್ಟ್ರು
ಶುಕ್ರನ ಗುರುತ್ವ ಭೂಮಿಗಿಂತ ಕಡಿಮೆ ಮೇಡಂ, ನೂರಕ್ಕೆ ತೊಂಬತ್ತರಷ್ಟು. ಗಿಡ್ಡಗಿರಬೇಕಾದ್ದಿಲ್ಲ. ಲೆಕ್ಕ ತಪ್ಪು, ಯೋಚಿಸಿದ ದಾರಿ ಸರಿ. ಅರ್ಧ ಅಂಕ ಕೊಡ್ತೀನಿ.

ಚಿಕ್ಪೇಟೆ ಚಂದ್ರ
ಲೀ ವಾನ್ ಕ್ಲೀಫಾ?? ಇವತ್ತೇ ನೋಡ್ತೀನಿ.

ಗಾಡ್ಜಿಲ್ಲಾಭಕ್ತ
ನನ್ನ ವಾದ ಬಿಟ್ಟಿಲ್ಲ. 'ದಿ ಜೈಂಟ್ ಕ್ಲಾ' (1957) ಬಗ್ಗೆ ಏನಂತೀರ? ಕೆನಡಾದ ಫ್ರೆಂಚ್ ಜನಪದದ ಅಪಶಕುನದ ರಾಕ್ಷಸಿ ಅಂತ ಹಳ್ಳಿಗನೊಬ್ಬ ಹೆದರಿ ಹೇಳ್ತಾನೆ, ಒಳ್ಳೇ ಹಿಡಿತ ಇದೆ ಆ ದೃಶ್ಯಕ್ಕೆ. ಆಮೇಲೆ ಹಕ್ಕಿ ಬರುತ್ತೆ. ಕತ್ತು ಬೋಳು, ತಲೆಮೇಲೆ ಕುಚ್ಚು, ಉಬ್ಬಿದ ಕಣ್ಣು. ಮೆಕ್ಸಿಕೋ ಸಿಟಿಯಲ್ಲಿ ಅಗ್ಗಕ್ಕೆ ಮಾಡಿಸಿ ತಂದ ಗೊಂಬೆ. ನಟರಿಗೆ ಅದನ್ನ ತೋರಿಸೇ ಇರಲಿಲ್ಲ. ನಾಯಕ ಜೆಫ್ ಮಾರೋ ತಮ್ಮ ಊರಿನ ಥಿಯೇಟರಿನಲ್ಲಿ ಜನರ ನಡುವೆ ಕೂತು ಮೊದಲ ಸಲ ನೋಡಿದರು. ಹಕ್ಕಿ ಬಂದಾಗಲೆಲ್ಲ ಊರಿಗೆ ಊರೇ ನಗು. ಮುಗಿಯೋ ಮೊದ್ಲೇ ಎದ್ದು ಮನೆಗೆ ಹೋದರಂತೆ. ದುಡ್ಡು ಉಳಿಸೋಕೆ ಹೋಗಿ ನಿರ್ಮಾಪಕ ಕಲಾವಿದನ ಮರ್ಯಾದೆ ಕಳೆದ. ಇದನ್ನ ನಾನು ಪ್ರೀತಿಯಿಂದ ನೋಡಬೇಕಾ?

ಕಡಲಾಚೆ
ನಿರ್ಮಾಪಕನ ಮೇಲೆ ಸಿಟ್ಟು ಮಾಡಿ, ನಾನೂ ಮಾಡ್ತೀನಿ. ಆದರೆ ಮಾರೋ ಅವರ ಅಭಿನಯ ನೋಡಿ. ಖಾಲಿ ಆಕಾಶ ನೋಡ್ತಾ ಹೆದರಿದ್ದಾರೆ, ಆ ಹೆದರಿಕೆಯಲ್ಲಿ ಸುಳ್ಳಿಲ್ಲ.

ಗಾಡ್ಜಿಲ್ಲಾಭಕ್ತ
ಹ್ಞಾಂ, ಅದು ಸರಿ. ಅವರ ಕಣ್ಣು ನೋಡಿದರೆ ಹಕ್ಕಿ ಬರೋ ತನಕ ನಂಬಿಕೆ ಬರುತ್ತೆ.

ಬೆಟ್ಟದಜೀವ್ನ
ದಂತಕಥೆಯ ಪ್ರಾಣಿ ಅಂದ್ರೆ ಹಿಮಾಲಯದ ಹಿಮಮಾನವ ಯೇತಿಯನ್ನ ಬಿಡೋದಾ? 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮದ ಮೇಲಿನ ಹೆಜ್ಜೆ ಫೋಟೋ ತಂದ ಮೇಲೆ ಸಾಲುಸಾಲಾಗಿ ಬಂದವು. 'ದಿ ಸ್ನೋ ಕ್ರೀಚರ್' (1954) ಮೊದಲನೇದು, ಬಿಲ್ಲಿ ವೈಲ್ಡರ್ ಅವರ ಅಣ್ಣ ಡಬ್ಲ್ಯು. ಲೀ ವೈಲ್ಡರ್ ನಿರ್ದೇಶನ. ಶೆರ್ಪಾಗಳು ಜಪಾನಿ ಭಾಷೆ ಮಾತಾಡ್ತಾರೆ! ಯೇತಿ ನೆರಳಿಂದ ಹೊರಗೆ ಬರೋ ಒಂದೇ ತುಣುಕನ್ನ ಹಿಂದೆ ಮುಂದೆ ಓಡಿಸಿ ಓಡಿಸಿ ಬಳಸಿದ್ದಾರೆ.

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ಹೋದಾಗ ಖುಮ್‌ಜುಂಗ್ ಹಳ್ಳಿಯ ಗೊಂಪಾದಲ್ಲಿ (ಬೌದ್ಧ ಮಠ) ಯೇತಿಯ ನೆತ್ತಿ ಅಂತ ಪೆಟ್ಟಿಗೆಯಲ್ಲಿಟ್ಟಿದ್ದನ್ನ ನೋಡಿದೆ. ಶಂಕುವಿನ ಆಕಾರ, ಕಂದು ಕೂದಲು. 1960ರಲ್ಲಿ ಹಿಲರಿ ಅದನ್ನ ವಿದೇಶಕ್ಕೆ ಒಯ್ದು ಪರೀಕ್ಷೆ ಮಾಡಿಸಿದ್ದರು, ಸೆರೋ ಅನ್ನೋ ಕಾಡುಮೇಕೆಯಂಥ ಪ್ರಾಣಿಯ ಚರ್ಮದಿಂದ ಮಾಡಿದ್ದು ಅಂತ ತಿಳೀತು. ಅಲ್ಲಿಯ ಅಜ್ಜಿ ಮಾತ್ರ ಅದನ್ನ ತೋರಿಸುವಾಗ ಎರಡೂ ಕೈ ಮುಗಿದರು. ನಾನೂ ಮುಗಿದೆ.

ಜೀವಶಾಸ್ತ್ರ ಮೇಷ್ಟ್ರು
ಚರ್ಮ ಅಚ್ಚಿಗೆ ಹಾಕಿ ಆ ಆಕಾರ ತರಿಸೋದು. ಅದೂ ಬ್ಲೈಸ್‌ಡೆಲ್ ಕೆಲಸವೇ.

ಧಾರ್ವಾಡದಾಂವ
ಆ ಬ್ಲೈಸ್‌ಡೆಲ್ ಮುಂದ ಏನಾದ್ರ್ರಿ?

ಬೆಳ್ಳಿಪರದೆ
ಹೇಳೋಕೆ ಹೊಟ್ಟೆ ಉರಿಯುತ್ತೆ ಸರ್. 1958ರಲ್ಲಿ 'ಹೌ ಟು ಮೇಕ್ ಎ ಮಾನ್‌ಸ್ಟರ್' ಬಂತು. ಕಥೆ ಏನು ಅಂದ್ರೆ, ಸ್ಟುಡಿಯೋಗೆ ಹೊಸ ಯಜಮಾನರು ಬರ್ತಾರೆ, ರಾಕ್ಷಸರ ಕಾಲ ಮುಗೀತು ಅಂತ ಇಪ್ಪತ್ತೈದು ವರ್ಷ ದುಡಿದ ಮೇಕಪ್ ಕಲಾವಿದನನ್ನ ಹೊರಗೆ ಹಾಕ್ತಾರೆ. ಅವನು ಮುಖಕ್ಕೆ ಹಚ್ಚೋ ಕ್ರೀಮಿನಲ್ಲಿ ಮದ್ದು ಬೆರೆಸಿ, ವೇಷ ಹಾಕಿದ ಹುಡುಗರ ಕೈಯಲ್ಲಿ ಯಜಮಾನರನ್ನ ಕೊಲ್ಲಿಸ್ತಾನೆ. ಇಲ್ಲಿ ಹುಚ್ಚು ವಿಜ್ಞಾನಿ ಅಂದ್ರೆ ಮೇಕಪ್‌ನವನೇ. ಅವನ ಮನೆ ಗೋಡೆಯಲ್ಲಿ ತೂಗುಹಾಕಿದ ಮುಖವಾಡಗಳು ಬ್ಲೈಸ್‌ಡೆಲ್ ನಿಜವಾಗಿ ಮಾಡಿದ್ದು. ಕೊನೆಯ ರೀಲು ಬಣ್ಣದಲ್ಲಿದೆ. ಮನೆಗೆ ಬೆಂಕಿ ಬೀಳುತ್ತೆ, ಮುಖವಾಡಗಳು ಕರಗಿ ಸುಡ್ತವೆ. ಅದು ಸಿನಿಮಾ ಬೆಂಕಿ ಅಲ್ಲ, ಅವರ ಕೆಲಸ ನಿಜವಾಗಿಯೂ ಸುಟ್ಟಿದ್ದು.

1959ರಲ್ಲಿ ಇನ್ನೊಂದು, 'ಘೋಸ್ಟ್ ಆಫ್ ಡ್ರ್ಯಾಗ್‌ಸ್ಟ್ರಿಪ್ ಹಾಲೋ'. ಅದೇ ಶೀ-ಕ್ರೀಚರ್ ಸೂಟ್ ಮತ್ತೆ ಬರುತ್ತೆ. ಕೊನೆಗೆ ಯಾರೋ ಮುಖವಾಡ ಕಿತ್ತರೆ ಒಳಗೆ ಬ್ಲೈಸ್‌ಡೆಲ್ ಅವರ ಸ್ವಂತ ಮುಖ. ತಮ್ಮನ್ನ ಯಾರೂ ಈಗ ಕರೆಯಲ್ಲ ಅನ್ನೋ ಥರ ದೂರು ಹೇಳ್ತಾರೆ. ಜನ ನಗಲಿ ಅಂತ ಇಟ್ಟ ದೃಶ್ಯ. ಸ್ವಲ್ಪ ದಿನಕ್ಕೆ ಅವರು ಸಿನಿಮಾ ಬಿಟ್ಟೇಬಿಟ್ಟರು. 1983ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, 55 ವರ್ಷ.

ಚೌಕಿಮನೆ
ಓದಿ ಮನಸ್ಸು ಭಾರ ಆಯಿತು. ನಮ್ಮ ದೊಡ್ಡಪ್ಪನ ಕಿರೀಟ ಈಗಲೂ ಅಟ್ಟದಲ್ಲಿ ಉಂಟು. ನಾಳೆ ಇಳಿಸಿ ಒರೆಸಿ ಇಡ್ತೇನೆ.

ಗಾಡ್ಜಿಲ್ಲಾಭಕ್ತ
ಬೆಳ್ಳಿಪರದೆ ಮೇಡಂ, ಎರಡೂ ಹುಡುಕಿ ನೋಡ್ತೀನಿ. ಒಳ್ಳೇ ಪ್ರತಿ ಎಲ್ಲಿ ಸಿಗುತ್ತೆ?

ಕಡಲಾಚೆ
ಎಐಪಿಯವು ದುಡ್ಡು ಕೊಟ್ಟೇ ನೋಡಬೇಕು. 'ಕಿಲ್ಲರ್ ಶ್ರೂಸ್' ಥರದವಕ್ಕೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವೇ ಉಳಿದಿಲ್ಲ, ಅಲ್ಲಿ ಯಾರು ಬೇಕಾದರೂ ಪ್ರತಿ ಹಂಚಬಹುದು. ಹಾಗಾಗಿ ಎಲ್ಲ ಕಡೆ ಸಿಗುತ್ತೆ, ಆದರೆ ಎಷ್ಟೋ ಪ್ರತಿಗಳು ಮಸುಕು. ಸಾಧ್ಯವಾದರೆ ಮೂಲ ಫಿಲ್ಮಿನಿಂದ ಸ್ಕ್ಯಾನ್ ಮಾಡಿದ್ದನ್ನೇ ನೋಡಿ. ಕತ್ತಲು ಕತ್ತಲಾಗಿ ಕಂಡರೆ ಅರ್ಧ ಹೆದರಿಕೆ ವಾಪಸ್ ಬರುತ್ತೆ.

ಹಳೇರೀಲು
ಎಲ್ಲರಿಗೂ ಧನ್ಯವಾದ. ಮೂರು ದಿನದ ವರದಿ ಕೊಡ್ತೀನಿ. 'ಶೀ-ಕ್ರೀಚರ್' ನೋಡಿದೆವು, 'ಕಿಲ್ಲರ್ ಶ್ರೂಸ್' ನೋಡಿದೆವು. ಬ್ಲೈಸ್‌ಡೆಲ್ ಕಥೆ ಮಕ್ಕಳಿಗೆ ಓದಿ ಹೇಳಿದೆ. ಹುಡುಗಿಗೆ ಲುಗೋಸಿ ವಿಷಯವನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಆ ಒಂದು ದೃಶ್ಯ ಮತ್ತೆ ಹಾಕಿಸಿ ನೋಡಿದಳು.

ಈಗ ಇಬ್ಬರೂ ಹಳೇ ಸೋಫಾದ ಫೋಮ್ ಕಿತ್ತು ನನ್ನ ಹಳೇ ಥರ್ಮಲ್ ಬನಿಯನ್ ಮೇಲೆ ರಾಕ್ಷಸ ಕಟ್ಟೋಕೆ ಕೂತಿದ್ದಾರೆ. ಕೊಂಬಿಗೆ ತೆಂಗಿನ ಚಿಪ್ಪು, ಉಗುರಿಗೆ ಹೊಂಗೆ ಕಾಯಿಯ ಸಿಪ್ಪೆ. ಮರದ ಕೆಲಸದ ಬಿಳಿ ಅಂಟು ಹಾಕಿದರೆ ಫೋಮ್ ನಿಲ್ತಿಲ್ಲ, ಕೈ ಬಗ್ಗಿಸಿದ ಕೂಡಲೇ ಕಿತ್ತು ಬರ್ತಿದೆ. ಏನು ಹಾಕಬೇಕು? ಭಾನುವಾರ ಅಕ್ಕ ಬರೋದರೊಳಗೆ ಮುಗೀಬೇಕಂತೆ.

ಚಿಕ್ಪೇಟೆ ಚಂದ್ರ
ಬಿಳಿ ಅಂಟು ಬೇಡ, ಒಣಗಿ ಗಟ್ಟಿಯಾಗುತ್ತೆ. ನಮ್ಮ ಅಂಗಡಿ ಪಕ್ಕ ಸೋಫಾ ರಿಪೇರಿಯವರಿದ್ದಾರೆ, ಈಗಷ್ಟೇ ಕೇಳ್ಕೊಂಡು ಬಂದೆ. ರಬ್ಬರ್ ಅಂಟು ತಗೊಳ್ಳಿ, ಫೋಮ್ ಶೀಟಿಗೆ ಹಾಕೋದು ಅಂದ್ರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡ್ತಾರೆ. ಎರಡೂ ಕಡೆ ತೆಳ್ಳಗೆ ಬಳೀಬೇಕು, ಕೂಡಲೇ ಅಂಟಿಸಬಾರದು. ಹತ್ತು ನಿಮಿಷ ಬಿಟ್ಟು, ಬೆರಳಿಟ್ಟರೆ ಅಂಟದ ಹಾಗಾದ ಮೇಲೆ ಒತ್ತಿ ಹಿಡೀಬೇಕು. ಮೊಣಕೈ, ಮಂಡಿ ಜಾಗದಲ್ಲಿ ದೊಡ್ಡ ತುಂಡು ಹಾಕಬೇಡಿ, ಚಿಕ್ಕ ಚಿಕ್ಕದು ಹಾಕಿ. ವಾಸನೆ ಜೋರು, ಬೆಂಕಿಗೂ ಆಗಲ್ಲ, ಕಿಟಕಿ ತೆಗೆದು ನೀವೇ ಬಳೀರಿ, ಮಕ್ಕಳು ಒತ್ತಲಿ ಸಾಕು.

ಕೊಂಬಿಗೆ ಚಿಪ್ಪು ಭಾರ ಆಗುತ್ತೆ ಗುರು. ಥರ್ಮಾಕೋಲ್ ಕೆತ್ತಿಸಿ, ಆದ್ರೆ ಅದಕ್ಕೆ ಈ ಅಂಟು ತಾಗಿಸಬೇಡಿ, ಕರಗಿಬಿಡುತ್ತೆ. ದಾರದಲ್ಲಿ ಹೊಲೀರಿ. ಮುಗಿದ ಮೇಲೆ ಫೋಟೋ ಹಾಕಿ.